ಕೆಂಪು ಕಿವಿಯ ಸ್ವಿಚ್ಚು

"ಬ್ಯಾಟ್ರಿ ಕಡೆ ಹೊತ್ತುತ್ತದೆ, ಈಚೆ ಕಡೆ ಹೊತ್ತುದಿಲ್ಲ," ಎಂದಳು ಕುಮುದಿನಿ. "ಇನ್ನೊಮ್ಮೆ ಮುಟ್ಟಿಸಿ ನೋಡಿ, ಮೊಯ್ದಿನಣ್ಣ."

ಮೊಯ್ದಿನಬ್ಬ ವ್ಯಾನಿನ ಮೆಟ್ಟಿಲ ಅಡಿಯ ಪೆಟ್ಟಿಗೆಯೊಳಗೆ ತಲೆ ತೂರಿಸಿ ಒಂದು ಮಗ್ಗುಲಿಗೆ ಮಲಗಿದ್ದ. ಕೈಯಲ್ಲಿ ಟೆಸ್ಟ್ ಲ್ಯಾಂಪು. ಒಂದು ಸಣ್ಣ ಬಲ್ಬು, ಅದಕ್ಕೆ ಎರಡು ವಯರಿನ ಬಾಲ. ಒಂದು ಬಾಲವನ್ನು ಗಾಡಿಯ ಕಬ್ಬಿಣಕ್ಕೆ ಕಚ್ಚಿಸಿ ಇನ್ನೊಂದನ್ನು ಸ್ವಿಚ್ಚಿನ ಎಡಗಡೆಯ ಬೋಲ್ಟಿಗೆ ಮುಟ್ಟಿಸಿದ. ಬಲ್ಬು ಹೊತ್ತಿತು. ಬಲಗಡೆಗೆ ಮುಟ್ಟಿಸಿದ. ಹೊತ್ತಲಿಲ್ಲ. ಎರಡು ಬೋಲ್ಟುಗಳ ನಡುವೆ ಕೆಂಪು ಕಿವಿಯಂಥ ಹಿಡಿಯಿರುವ ಕಟಾಫ್ ಸ್ವಿಚ್ಚು. ಕಿವಿ ತಿರುಗಿಸಿದರೆ ಬ್ಯಾಟರಿಯ ಕರೆಂಟು ಗಾಡಿಗೆ ಹಾಯಬೇಕು. ಹಾಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಮೂರು ವರ್ಷದಿಂದ ಗೊತ್ತಿತ್ತು. ಆದರೂ ಕಿವಿಯನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸಿ, ಏನೋ ಯೋಚಿಸುವವನಂತೆ ಗಂಟಲು ಸರಿ ಮಾಡಿಕೊಂಡ.

ಟಾರ್ಚು ಹಿಡಿದಿದ್ದವಳು ಕುಮುದಿನಿ. ಅವಳ ಬೆನ್ನ ಹಿಂದೆ, ಹತ್ತು ಹೆಜ್ಜೆ ದೂರದ ಜಗಲಿಯಲ್ಲಿ, ಅವಳ ಗಂಡ ಚನಿಯಪ್ಪ ತೆಂಕು ದಿಕ್ಕಿಗೆ ತಲೆ ಹಾಕಿ ಮಲಗಿದ್ದ. ತಲೆಯ ಬಳಿ ದೀಪವಿತ್ತು. ನಿನ್ನೆ ಸಂಜೆ ಚಾ ಕುಡಿಯಲು ಕರೆಯಹೋದಾಗ ಇದೇ ವ್ಯಾನಿನ ಡ್ರೈವರ್ ಸೀಟಿನಲ್ಲಿ ಕೂತಿದ್ದ. ಎರಡು ಕೈಯೂ ಸ್ಟೇರಿಂಗಿನ ಮೇಲಿದ್ದವು. ನಿದ್ದೆ ಬಂದಿರಬೇಕೆಂದು ಅವಳು ಎರಡು ಸಲ ಕರೆದಿದ್ದಳು.

ಕೊಯಿಲದ ಈ ಮನೆ ಐದು ಸೆಂಟ್ಸಿನದ್ದು. ಮನೆ, ಬಾವಿ, ವ್ಯಾನು ನಿಂತ ಅಂಗಳ, ಅಲ್ಲಿಗೆ ಜಾಗ ಮುಗಿಯಿತು. ಚಿತೆಗೆ ಎಡೆಯಿಲ್ಲ. ಸುಳ್ಯದ ಬಳಿಯ ಆಲೆಟ್ಟಿಯಲ್ಲಿ ಚನಿಯಪ್ಪನ ಮೂಲ ಮನೆ. ಅಲ್ಲಿ ಅಣ್ಣ ಅಚ್ಚುತ ಕಟ್ಟಿಗೆ ಒಟ್ಟಿಸುತ್ತಿದ್ದ. ಹೊತ್ತು ಮುಳುಗುವ ಮೊದಲು ಬೆಂಕಿ ಕೊಡಬೇಕು, ಒಂದು ಗಂಟೆಗೆ ಆಂಬುಲೆನ್ಸ್ ಬರುತ್ತದೆ, ತಡ ಮಾಡಬಾರದು ಎಂದು ಅವನು ಫೋನಿನಲ್ಲಿ ಚನಿಯಪ್ಪನ ಅಳಿಯ ಉಲ್ಲಾಸನಿಗೆ ನಾಲ್ಕು ಸಲ ಹೇಳಿಯಾಗಿತ್ತು.

ಕುಮುದಿನಿ ಬೆಳಿಗ್ಗೆಯಿಂದ ಅತ್ತಿರಲಿಲ್ಲ. ಕಡಬದಿಂದ ಮೊಯ್ದಿನಬ್ಬ ಬಂದು ಇಳಿದ ಕೂಡಲೆ ಅಂಗಳಕ್ಕೆ ಬಂದು ಒಂದೇ ಮಾತು ಹೇಳಿದ್ದಳು.

"ಅವರನ್ನು ಇದರಲ್ಲೇ ಕೊಂಡೋಗ್ಬೇಕು. ನಾನು ಬೇರೆ ಎಂತದೂ ಕೇಳುದಿಲ್ಲ."

ಜಗಲಿಯಲ್ಲಿ ಕೂತ ಹೆಂಗಸರು ಮುಖ ಮುಖ ನೋಡಿಕೊಂಡರು. ನೆರೆಮನೆಯ ಸೀತು, ಮದುವೆಗೂ ಸಾವಿಗೂ ಮೊದಲು ಬಂದು ಕೊನೆಗೆ ಹೋಗುವವಳು, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದಳು: "ಗಂಡ ಜಗಲಿಯಲ್ಲಿ, ಹೆಂಡತಿ ಗ್ಯಾರೇಜಿನಲ್ಲಿ. ಇದೊಂದು ನೋಡ್ಲಿಕ್ಕೆ ಬಾಕಿ ಇತ್ತು."

ಕುಮುದಿನಿ ಟಾರ್ಚು ಅಲುಗಿಸಲಿಲ್ಲ. ಬೆಳಕು ಸರಿಯಾಗಿ ಸ್ವಿಚ್ಚಿನ ಮೇಲೆಯೇ ಬೀಳುತ್ತಿತ್ತು. ಮೂರು ವರ್ಷದ ಅಭ್ಯಾಸ.

*

ಚನಿಯಪ್ಪ ಮೂವತ್ತಮೂರು ವರ್ಷ ಲೈನ್ ಬಸ್ಸು ಓಡಿಸಿದವ. ಪುತ್ತೂರಿನಿಂದ ಕಡಬ, ಕಡಬದಿಂದ ಸುಳ್ಯ, ಸುಳ್ಯದಿಂದ ಮತ್ತೆ ಪುತ್ತೂರು. ಹೋದಷ್ಟೇ ದಾರಿ ತಿರುಗಿ ಬರಬೇಕು. ಮದುವೆಯಾದ ಹೊಸತರಲ್ಲಿ ಕುಮುದಿನಿ ಒಮ್ಮೆ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಸುಳ್ಯದವರೆಗೆ ಹೋಗಿದ್ದಳು. ಅಲ್ಲಿ ಅವನು ಗಾಡಿ ತಿರುಗಿಸುವಾಗ ಎದುರಿನ ರಸ್ತೆಗೆ ಬೆರಳು ತೋರಿಸಿ, ಅದು ಎಲ್ಲಿಗೆ ಹೋಗುವುದೆಂದು ಕೇಳಿದಳು. ತಾನು ಆಚೆ ಹೋಗಿಲ್ಲ, ತನ್ನ ಟ್ರಿಪ್ಪು ಇಲ್ಲಿಗೇ ಎಂದ ಚನಿಯಪ್ಪ. ಆ ಪ್ರಶ್ನೆಯನ್ನು ಅವಳು ಮರೆತಿದ್ದಳು. ಅವನು ಮರೆತಿರಲಿಲ್ಲ.

ಕೆಲಸ ಬಿಟ್ಟ ವರ್ಷ ಮದುವೆ ದಿಬ್ಬಣಕ್ಕೆ ಓಡುತ್ತಿದ್ದ ಹಳೆಯ ವ್ಯಾನೊಂದನ್ನು ತಂದ. ಸೀಟುಗಳನ್ನೆಲ್ಲ ಕಿತ್ತು ಹಲಸಿನ ಹಲಗೆಯ ಮಂಚ ಹಾಕಿದ. ಎರಡು ಒಲೆಯ ಸ್ಟೌವು, ಕೈ ತೊಳೆಯಲು ಸ್ಟೀಲಿನ ಬೋಗುಣಿ, ಮಂಚದ ಮೇಲೆ ಪುಟ್ಟ ಫ್ಯಾನು. ಕುಮುದಿನಿ ತನ್ನ ನೀಲಿ ಸೀರೆ ಹರಿದು ಕಿಟಕಿಗಳಿಗೆ ಪರದೆ ಹೊಲಿದಳು. ವಯರಿಂಗು ಮಾಡಿದವ, ಕಡಬದಲ್ಲಿ ಗಾಡಿ ವಯರಿಂಗಿನ ಅಂಗಡಿ ಇಟ್ಟಿದ್ದ ಮೊಯ್ದಿನಬ್ಬ. ಇಬ್ಬರೂ ಲೈನಿನಲ್ಲಿ ಒಟ್ಟಿಗೆ ಹಳಬರಾದವರು. ಬಸ್ಸು ಎಲ್ಲಿ ಕೈ ಕೊಟ್ಟರೂ ಚನಿಯಪ್ಪ ಫೋನು ಮಾಡುತ್ತಿದ್ದುದು ಅವನಿಗೆ. ಗಾಡಿಯಲ್ಲಿ ಹಾಸಿಗೆ ಉಂಟು, ಗ್ಯಾಸು ಉಂಟು, ಮಲಗುವ ಮೊದಲು ಬ್ಯಾಟರಿ ಬಂದ್ ಮಾಡಲು ಕಟಾಫ್ ಬೇಕೇ ಬೇಕು ಎಂದು ಕೆಂಪು ಕಿವಿಯ ಸ್ವಿಚ್ಚು ತಂದು ಕೂರಿಸಿದವನೂ ಅವನೇ. ಊರವರು ಆ ಗಾಡಿಗೆ ಚನಿಯಪ್ಪನ ಬಸವನಹುಳು ಎಂದು ಹೆಸರಿಟ್ಟರು.

ಸುಳ್ಯದ ಆಚೆ ಹೋಗುವುದು, ಆಚೆಯ ಆಚೆಗೂ ಹೋಗುವುದು, ಎಲ್ಲಿ ಹೊತ್ತು ಮುಳುಗುತ್ತದೋ ಅಲ್ಲಿ ಅನ್ನ ಬೇಯಿಸುವುದು ಎಂದು ಮಾತಾಯಿತು. ಟ್ಯಾಂಕು ತುಂಬಿಸಿದ. ಅವಳು ಕುಚ್ಚಲಕ್ಕಿ, ಒಣಮೀನು, ಉಪ್ಪಿನಕಾಯಿ ಭರಣಿ, ಎರಡು ತಟ್ಟೆ, ಎರಡು ಲೋಟ ಕಟ್ಟಿಟ್ಟಳು. ಹೊರಡುವ ದಿನ ಬೆಳಿಗ್ಗೆ ಕೀ ತಿರುಗಿಸಿದರೆ ಗಾಡಿ ಕಮಕ್ ಕಿಮಕ್ ಎನ್ನಲಿಲ್ಲ.

ಅಲ್ಲಿಂದ ಶುರುವಾದದ್ದು. ಸ್ವಿಚ್ಚು ಹೋಗಿದೆ ಎಂದರು. ಹೊಸತು ಹಾಕಿದರು. ಅದೂ ಹೋಯಿತು. ಮೂರನೆಯದೂ ಹೋಯಿತು. ಎಲ್ಲೋ ಒಂದು ಶಾರ್ಟ್ ಉಂಟು, ಅದು ಸ್ವಿಚ್ಚನ್ನು ತಿನ್ನುತ್ತದೆ. ಅದು ಸಿಗದೆ ಸ್ವಿಚ್ಚು ಬಿಟ್ಟು ಡೈರೆಕ್ಟ್ ಕೊಟ್ಟರೆ ಮಲಗಿದಲ್ಲಿಗೇ ಬೆಂಕಿ ಎಂದು ಗಂಡಸರಿಬ್ಬರೂ ಅವಳಿಗೆ ತಿಳಿಸಿ ಹೇಳಿದರು. ಚನಿಯಪ್ಪ ಪ್ರತಿ ಭಾನುವಾರ ಬ್ಯಾಟರಿ ಚಾರ್ಜಿಗೆ ಹಾಕಿ, ಒಂದೊಂದೇ ವಯರು ಹಿಡಿದು ಹುಡುಕುತ್ತಿದ್ದ. ಅವಳು ಟಾರ್ಚು ಹಿಡಿಯುತ್ತಿದ್ದಳು. ಕೆಂಪು ವಯರು ಎಲ್ಲಿಂದ ಎಲ್ಲಿಗೆ, ಕಪ್ಪು ಎಲ್ಲಿ ಮುಗಿಯುತ್ತದೆ, ಹಾರ್ನಿನದ್ದು ಯಾವುದು, ಫ್ಯಾನಿನದ್ದು ಯಾವುದು, ಎಲ್ಲವೂ ಅವಳಿಗೆ ಬಾಯಿಪಾಠವಾಯಿತು. ಉಪ್ಪಿನಕಾಯಿ ಭರಣಿಯನ್ನು ವರ್ಷಕ್ಕೊಮ್ಮೆ ಬದಲಾಯಿಸಿಟ್ಟಳು.

*

ಹನ್ನೊಂದೂವರೆಗೆ ಗಂಡಸರು ಚನಿಯಪ್ಪನನ್ನು ಮೀಯಿಸಿದರು. ಮೊಯ್ದಿನಬ್ಬ ವ್ಯಾನಿನ ಮಗ್ಗುಲಲ್ಲಿ ಕೂತು ನೀರು ಸುರಿಯುವ ಸದ್ದು ಕೇಳುತ್ತಿದ್ದ. ಸ್ವಲ್ಪ ಹೊತ್ತಿಗೆ ಉಲ್ಲಾಸ ಒದ್ದೆ ಕೈಯಲ್ಲಿ ಏನನ್ನೋ ಹಿಡಿದು ಅತ್ತೆಯ ಬಳಿ ಬಂದ. ಕತ್ತರಿಸಿದ ಉಡಿದಾರ. ಅದಕ್ಕೆ ಪೋಣಿಸಿದ, ಹೆಬ್ಬೆರಳಿನಷ್ಟಗಲದ ತಾಮ್ರದ ತುಂಡು. ಎರಡು ತುದಿ ಸ್ವಲ್ಪ ಬಾಗಿತ್ತು, ನಡುವೆ ಒಂದು ತೂತು.

"ಇದನ್ನೂ ಬಿಡುದಾ ಅತ್ತೆ, ತೆಗೆದಿಡುದಾ?"

"ಕೊಡು. ಕಣ್ಣಿಗೆ ಒಳ್ಳೆದು ಅಂತ ಕಟ್ಟಿಕೊಂಡದ್ದು." ಕುಮುದಿನಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮೊಯ್ದಿನಬ್ಬ ಆ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿದ. ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದ.

*

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಚನಿಯಪ್ಪ ಕಡಬದ ಅಂಗಡಿಗೆ ಬಂದದ್ದು ಬಸ್ಸಿನಲ್ಲಿ. ಹಿಂದಿನ ಬಾಗಿಲಿನಿಂದ ಇಳಿದು ಬಂದ. ಅವನನ್ನು ಪ್ರಯಾಣಿಕನಾಗಿ ಮೊಯ್ದಿನಬ್ಬ ಅದೇ ಮೊದಲು ಕಂಡದ್ದು.

ಕೊಯಿಲದ ಜಾನುವಾರು ಫಾರ್ಮಿನ ಗೇಟಿನ ಹತ್ತಿರ ಎಡಗಡೆಯಿಂದ ಒಂದು ಕರು ಬಂತಂತೆ. ಬಂಪರಿಗೆ ತಾಗುವವರೆಗೆ ಅವನಿಗೆ ಕಾಣಲಿಲ್ಲ. ಕರು ಎದ್ದು ಓಡಿತು. ಅವನು ವ್ಯಾನಿನಲ್ಲಿ ಅರ್ಧ ಗಂಟೆ ಕೂತು, ಮಾರನೆಯ ದಿನ ಯಾರಿಗೂ ಹೇಳದೆ ಪುತ್ತೂರಿನ ಕಣ್ಣಿನ ಡಾಕ್ಟರ ಬಳಿಗೆ ಹೋದ. ಬದಿಯಿಂದ ದೃಷ್ಟಿ ಒಣಗುತ್ತಾ ಬರುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ, ಗಾಡಿ ಮುಟ್ಟಬಾರದು ಎಂದರು.

"ಪೈಪಿನೊಳಗಿಂದ ನೋಡಿದ ಹಾಗೆ, ಮಾರಾಯ. ನೇರ ಕಾಣ್ತದೆ. ಬದಿಯಿಂದ ಬರುದು ಕಾಣುದಿಲ್ಲ."

ಕುಮುದಿನಿಗೆ ಹೇಳಿಬಿಡು ಎಂದ ಮೊಯ್ದಿನಬ್ಬ.

"ಹೇಳಿದ್ರೆ ಅವಳು 'ಆಯ್ತು ಬಿಡಿ' ಅಂತಾಳೆ. ಅಷ್ಟೇ ಹೇಳುದು. ಆಮೇಲೆ ವ್ಯಾನಿನಿಂದ ಪಾತ್ರೆ ಒಂದೊಂದೇ ಇಳಿಸ್ತಾಳೆ. ಅದು ನೋಡ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ." ಅವನು ಮೊಯ್ದಿನಬ್ಬನ ಗ್ರೀಸು ಹತ್ತಿದ ಕೈ ಹಿಡಿದುಕೊಂಡ. "ಗಾಡಿ ಹಾಳಾಗ್ಲಿ. ಡ್ರೈವರ್ ಹಾಳಾದದ್ದು ಬೇಡ. ನಿನ್ನಿಂದ ಆಗ್ತದಲ್ಲ?"

ನಲವತ್ತು ವರ್ಷ ಬೇರೆಯವರು ಮಾಡಿದ ಫಾಲ್ಟು ಹುಡುಕಿದವನು ಅಂದು ಮೊದಲ ಸಲ ಒಂದು ಫಾಲ್ಟು ಮಾಡಿದ. ಸ್ವಿಚ್ಚು ಬಿಚ್ಚಿ, ಎರಡು ಬೋಲ್ಟುಗಳಿಗೆ ಸೇತುವೆಯಂತಿರುವ ಒಳಗಿನ ತಾಮ್ರದ ಪಟ್ಟಿ ತೆಗೆದು ಮತ್ತೆ ಮುಚ್ಚಿದ. ಆಮೇಲೆ ತಂದ ಎರಡು ಹೊಸ ಸ್ವಿಚ್ಚುಗಳ ಪಟ್ಟಿಯನ್ನು ಅಂಗಡಿಯಲ್ಲೇ ತೆಗೆದು ತಂದು ಹಾಕಿದ. ಕೊನೆಯದರ ಪಟ್ಟಿಯನ್ನು ಚನಿಯಪ್ಪ ಕೇಳಿ ಇಸಿದುಕೊಂಡು ಉಡಿದಾರಕ್ಕೆ ಕಟ್ಟಿದ.

ಕುಮುದಿನಿ ಸೀತುವಿನ ಜತೆ ರೇಷನ್ನಿಗೆ ಹೋಗುವ ದಿನ ನೋಡಿ ಮೊಯ್ದಿನಬ್ಬ ಕೊಯಿಲಕ್ಕೆ ಬರುತ್ತಿದ್ದ. ಚನಿಯಪ್ಪ ಸೊಂಟದಿಂದ ಪಟ್ಟಿ ಬಿಚ್ಚಿ ಕೊಡುವನು. ಎಂಜಿನು ಕಟ್ಟಿಹೋಗಬಾರದೆಂದು ಐದು ನಿಮಿಷ ಸ್ಟಾರ್ಟ್ ಮಾಡುವರು. ಆ ಐದು ನಿಮಿಷ ಚನಿಯಪ್ಪ ಸ್ಟೇರಿಂಗು ಹಿಡಿದು, ಕಣ್ಣು ಮುಚ್ಚಿ, ಕ್ಲಚ್ಚು ಒತ್ತಿ ಗೇರು ಬದಲಾಯಿಸುತ್ತಾ ಕೂರುವನು. ಸುಟ್ಟುಹೋದ ಡೀಸೆಲನ್ನು ಕ್ಯಾನಿನಲ್ಲಿ ತಂದು ಮತ್ತೆ ತುಂಬಿಸುವನು.

ಕಡಬದಲ್ಲಿ ಸುದ್ದಿಯಾಯಿತು. ಒಂದು ಸ್ವಿಚ್ಚು ಸರಿ ಮಾಡಲಾಗದವ ಎಂದರು. ಕೆಲವರು ಅಂಗಡಿಯ ಎದುರು ಗಾಡಿ ನಿಲ್ಲಿಸಿ, ಮಗ ಸಫೀರ್ ಇದ್ದಾನಾ ಎಂದು ಕೇಳತೊಡಗಿದರು. ನಿಮಗೆ ಕೈ ನಡುಗುತ್ತದೆ, ಇನ್ನು ಕೂತು ಉಣ್ಣಿ ಎಂದಳು ಹೆಂಡತಿ ಸಾರಮ್ಮ. ಮೊಯ್ದಿನಬ್ಬ ಅವಳಿಗೂ ಹೇಳಲಿಲ್ಲ.

*

ಹನ್ನೆರಡೂವರೆ. ಆಂಬುಲೆನ್ಸ್ ಪುತ್ತೂರು ದಾಟಿದೆ ಎಂದು ಉಲ್ಲಾಸ ಬಂದು ಹೇಳಿದ. ಮಗಳು ಮೋಕ್ಷಿತಾ ಅಮ್ಮನ ಭುಜ ಮುಟ್ಟಿ, ಒಳಗೆ ಬಾ, ಬಂದವರು ತುಳಸಿ ನೀರು ಬಿಡಲು ನಿನ್ನನ್ನು ಕಾಯುತ್ತಿದ್ದಾರೆ ಎಂದಳು. ಕುಮುದಿನಿ ಅಲ್ಲಾಡಲಿಲ್ಲ.

ಮೊಯ್ದಿನಬ್ಬನಿಗೆ ಒಂದು ದಾರಿ ಹೊಳೆದಿತ್ತು. ಯಾವುದಾದರೊಂದು ಸುಟ್ಟ ವಯರು ತೋರಿಸಿ, ಶಾರ್ಟ್ ಸಿಕ್ಕಿತು ಅನ್ನುವುದು. ಆಮೇಲೆ ಡೈರೆಕ್ಟ್ ಕೊಟ್ಟು ಗಾಡಿ ಎಬ್ಬಿಸುವುದು. ಸತ್ತವನಿಗೆ ಕೊಟ್ಟ ಮಾತೂ ಉಳಿಯುತ್ತದೆ, ಬದುಕಿರುವವಳ ಆಸೆಯೂ ತೀರುತ್ತದೆ. ಪೆಟ್ಟಿಗೆಯ ಮೂಲೆಗೆ ಕೈ ಹಾಕಿ, ಮೈ ಕರಗಿದ ಒಂದು ವಯರಿನ ತುಂಡು ಎಳೆದು ತೆಗೆದ.

"ಸಿಕ್ಕಿತು ಅಕ್ಕ. ನೋಡಿ, ಇದೇ ತಿಂದದ್ದು."

ಕುಮುದಿನಿ ಟಾರ್ಚು ಅದರ ಮೇಲೆ ಬಿಟ್ಟಳು.

"ಅದು ಹಳೆ ಹಾರ್ನಿನ ವಯರು. ದಿಬ್ಬಣದ ಕಾಲದ್ದು. ಅದರ ಎರಡು ತುದಿಯೂ ಖಾಲಿ. ಅವರು ನನಗೆ ಎಷ್ಟು ಸಲ ತೋರಿಸಿದ್ದಾರೆ."

ಮೊಯ್ದಿನಬ್ಬ ತುಂಡನ್ನು ಕೆಳಗಿಟ್ಟ.

"ಡೈರೆಕ್ಟ್ ಕೊಡಿ," ಎಂದಳು ಅವಳು.

"ಶಾರ್ಟ್ ಸಿಗದೆ ಕೊಟ್ರೆ ಬೆಂಕಿ ಅಕ್ಕ."

"ಹೊತ್ತಲಿ. ಅವರನ್ನು ಹೇಗೂ ಸುಡುದೇ ಅಲ್ವಾ ಇವತ್ತು?"

ಮೋಕ್ಷಿತಾ ಬಾಯಿಗೆ ಸೆರಗು ಒತ್ತಿಕೊಂಡು ಜಗಲಿಗೆ ಓಡಿದಳು. ಮೊಯ್ದಿನಬ್ಬ ಸ್ಪ್ಯಾನರು ಎತ್ತಿಕೊಂಡ. ನಟ್ಟು ಸಡಿಲಿಸಿದ. ಸ್ವಿಚ್ಚು ಬಿಚ್ಚಿ ಮೆಟ್ಟಿಲ ಮೇಲಿಟ್ಟ. ಎರಡು ದಪ್ಪ ವಯರುಗಳ ತುದಿಯ ಕಣ್ಣುಗಳನ್ನು ಒಂದೇ ಬೋಲ್ಟಿಗೆ ಪೋಣಿಸಿ ಬಿಗಿದ. ಎರಡು ನಿಮಿಷವೂ ಹಿಡಿಯಲಿಲ್ಲ. ಎದ್ದು, ಮೊಣಕಾಲು ಹಿಡಿದುಕೊಂಡು ಡ್ರೈವರ್ ಸೀಟು ಹತ್ತಿ, ಕೀ ತಿರುಗಿಸಿದ.

ಮೊದಲ ಸಲಕ್ಕೇ ಎಂಜಿನು ಹಿಡಿಯಿತು.

ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೂತಿದ್ದ ಮುದುಕರು ಎದ್ದು ನಿಂತರು. ಉಲ್ಲಾಸ ಹಿಂದಿನ ಬಾಗಿಲು ತೆರೆದ. ಬೆಳಿಗ್ಗೆ ಕುಮುದಿನಿಯೇ ಮಂಚದ ಮೇಲೆ ಹೊಸ ಚಾಪೆ ಹಾಸಿಟ್ಟಿದ್ದಳು. ಮೇಲೆ ಪುಟ್ಟ ಫ್ಯಾನು ತಿರುಗತೊಡಗಿತು. ನೀಲಿ ಪರದೆಗಳು ನಡುಗಿದವು.

ಕುಮುದಿನಿ ಮಾತ್ರ ಪೆಟ್ಟಿಗೆಯ ಎದುರು ಕುಕ್ಕುರುಗಾಲಲ್ಲಿ ಕೂತೇ ಇದ್ದಳು. ಟಾರ್ಚಿನ ಬೆಳಕು ಆ ಬೋಲ್ಟಿನ ಮೇಲಿತ್ತು. ಅವಳು ಹೊಗೆ ಕಾಯುತ್ತಿದ್ದಳು. ಹೊಗೆ ಬರಲಿಲ್ಲ. ಬಗ್ಗಿ ಮೂಸಿ ನೋಡಿದಳು. ಬೆರಳಿನ ಹಿಂಬದಿಯಿಂದ ವಯರು ಮುಟ್ಟಿದಳು. ಬಿಸಿಯೂ ಇರಲಿಲ್ಲ.

"ಇಷ್ಟೇಯಾ?" ಎಂದಳು.

ಮೊಯ್ದಿನಬ್ಬ ಇಳಿದು ಬಂದು ಅವಳ ಬಳಿ ನಿಂತ. "ನಮ್ಮ ಅದೃಷ್ಟ ಅಕ್ಕ. ಇವತ್ತೊಂದು ದಿನ ಹಿಡೀತು."

ಅವಳು ಮೆಟ್ಟಿಲ ಮೇಲಿದ್ದ ಸ್ವಿಚ್ಚು ಎತ್ತಿಕೊಂಡಳು. ಕೈಯಲ್ಲಿ ಹಗುರವಾಗಿತ್ತೇನೋ, ತೂಗಿ ನೋಡಿದಳು. ಬೆನ್ನು ತಿರುಗಿಸಿದಳು. ಹಿಂದಿನ ಮುಚ್ಚಳದ ಎರಡು ಸ್ಕ್ರೂಗಳು ತಿಂಗಳಿಗೊಮ್ಮೆ ಬಿಚ್ಚಿ ಬಿಚ್ಚಿ ಸಡಿಲಾಗಿದ್ದವು, ಉಗುರಿಗೇ ತಿರುಗಿದವು. ಒಳಗೆ ಒಂದು ಖಾಲಿ ಜಾಗ. ಹೆಬ್ಬೆರಳಿನಷ್ಟಗಲ, ನಡುವೆ ಒಂದು ಮೊಳೆ. ಅವಳು ಆ ಜಾಗಕ್ಕೆ ಹೆಬ್ಬೆರಳು ಇಟ್ಟು ನೋಡಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿದಳು.

ತಾಮ್ರದ ತೂತು ಮೊಳೆಗೆ ಹೊಂದಿ ಕೂತಿತು.

ಅವಳು ಟೆಸ್ಟ್ ಲ್ಯಾಂಪಿನ ಒಂದು ಬಾಲವನ್ನು ಗಾಡಿಯ ಕಬ್ಬಿಣಕ್ಕೆ ಕಚ್ಚಿಸಿದಳು. ಸ್ವಿಚ್ಚಿನ ಒಂದು ಬದಿಯನ್ನು ಪೆಟ್ಟಿಗೆಯೊಳಗಿನ ಬೋಲ್ಟಿಗೆ ಒತ್ತಿ ಹಿಡಿದು, ಇನ್ನೊಂದು ಬದಿಗೆ ಲ್ಯಾಂಪಿನ ಇನ್ನೊಂದು ಬಾಲ ಮುಟ್ಟಿಸಿದಳು. ಮೂರು ವರ್ಷ ನೋಡಿದ ಕೆಲಸ, ಕೈ ತಪ್ಪಲಿಲ್ಲ. ಕೆಂಪು ಕಿವಿ ತಿರುಗಿಸಿದಳು. ಬಲ್ಬು ಹೊತ್ತಿತು. ಈಚೆ ತಿರುಗಿಸಿದಳು. ಆರಿತು. ಮತ್ತೆ ತಿರುಗಿಸಿದಳು. ಹೊತ್ತಿತು.

"ಯಾವಾಗಿಂದ?"

"ಮೂರು ವರ್ಷ."

"ಯಾಕೆ?"

"ಕಣ್ಣು, ಅಕ್ಕ. ಬದಿಯದ್ದು ಕಾಣ್ತಿರ್ಲಿಲ್ಲ ಅವನಿಗೆ. ಓಡಿಸ್ಬಾರ್ದು ಅಂದಿದ್ರು ಡಾಕ್ಟ್ರು. ನಿಮಗೆ ಹೇಳ್ಬಾರ್ದು ಅಂತ ನನ್ನ ಕೈ ಹಿಡಿದ."

ಕುಮುದಿನಿ ಜಗಲಿಯ ಕಡೆಗೆ ನೋಡಲಿಲ್ಲ. ಬಲ್ಬು ಅವಳ ಅಂಗೈಯಲ್ಲಿ ಉರಿಯುತ್ತಲೇ ಇತ್ತು.

"ನಿಮಗೆ ಗಾಡಿ ಓಡಿಸ್ಲಿಕ್ಕೆ ಬರ್ತದಲ್ಲ ಮೊಯ್ದಿನಣ್ಣ?"

"ಬರ್ತದೆ."

"ನೀವು ಓಡಿಸಿ, ನಾವಿಬ್ರು ಹಿಂದೆ ಕೂತ್ಕೊಂಡು ಹೋಗ್ಬಹುದಿತ್ತಲ್ಲ."

ಮೊಯ್ದಿನಬ್ಬ ಜಗಲಿಯಲ್ಲಿ ಮಲಗಿದ್ದ ಚನಿಯಪ್ಪನ ಕಡೆಗೆ ನೋಡಿದ. ಮೂರು ವರ್ಷದಲ್ಲಿ ಅವರಿಬ್ಬರೂ ಎಷ್ಟೆಲ್ಲ ಯೋಚಿಸಿದ್ದರು. ಯಾವ ವಯರು ತೋರಿಸುವುದು, ಯಾವ ಸುಳ್ಳು ಯಾವ ತಿಂಗಳಿಗೆ ಎಂದು. ಚನಿಯಪ್ಪನ ಗಾಡಿಯನ್ನು ಚನಿಯಪ್ಪನಲ್ಲದೆ ಇನ್ನೊಬ್ಬ ಓಡಿಸಬಹುದೆಂಬುದು ಇಬ್ಬರ ತಲೆಗೂ ಒಂದು ದಿನವೂ ಬಂದಿರಲಿಲ್ಲ.

ರಸ್ತೆಯಲ್ಲಿ ಆಂಬುಲೆನ್ಸಿನ ಹಾರ್ನು ಕೇಳಿಸಿತು.

ಕುಮುದಿನಿ ಸ್ವಿಚ್ಚನ್ನು, ಅದರೊಳಗಿನ ತಾಮ್ರ ಸಹಿತ, ಮೆಟ್ಟಿಲ ಮೇಲಿಟ್ಟಳು. ಲ್ಯಾಂಪಿನ ವಯರು ಸುತ್ತಿ ಮೊಯ್ದಿನಬ್ಬನ ಚೀಲಕ್ಕೆ ಹಾಕಿದಳು. ಎದ್ದು ಬಾವಿಕಟ್ಟೆಯಲ್ಲಿ ಕೈ ತೊಳೆದಳು. ಉಲ್ಲಾಸ ನಾಲ್ಕು ಜನರನ್ನು ಕರೆದುಕೊಂಡು ಜಗಲಿಯಿಂದ ವ್ಯಾನಿನವರೆಗೆ ದಾರಿ ಬಿಡಿಸುತ್ತಿದ್ದ.

"ಬೇಡ," ಎಂದಳು. "ಅವರು ಆಂಬುಲೆನ್ಸಿನಲ್ಲೇ ಹೋಗ್ಲಿ."

ಗಾಡಿ ಸ್ಟಾರ್ಟ್ ಆಗಿದೆಯಲ್ಲ ಅತ್ತೆ ಎಂದ ಉಲ್ಲಾಸ. ಅವಳು ಜಗಲಿ ಹತ್ತಿ, ಚನಿಯಪ್ಪನ ಬಾಯಿಗೆ ತುಳಸಿ ನೀರು ಬಿಟ್ಟಳು. ಆಗ ಅವಳಿಗೆ ಅಳು ಬಂತು. ಅಂತೂ ಅತ್ತಳಲ್ಲ ಎಂದು ಸೀತು ಸಮಾಧಾನದ ಉಸಿರು ಬಿಟ್ಟಳು.

ಚನಿಯಪ್ಪನನ್ನು ಎತ್ತಿ ಆಂಬುಲೆನ್ಸಿನೊಳಗೆ ಇಟ್ಟದ್ದಾಯಿತು. ಆಲೆಟ್ಟಿಯವರೆಗೂ ಹೋಗಿ ಗೆಳೆಯನ ಬೆಂಕಿ ನೋಡಿ ಬರಬೇಕೆಂದೇ ಮೊಯ್ದಿನಬ್ಬ ಕಡಬದಿಂದ ಹೊರಟು ಬಂದಿದ್ದ. ಎಂಜಿನು ಆರಿಸಿ ಬರುತ್ತೇನೆ, ನನಗೂ ಒಂದು ಜಾಗ ಇಡಿ ಎಂದು ಉಲ್ಲಾಸನಿಗೆ ಹೇಳಿ ವ್ಯಾನಿನ ಕಡೆಗೆ ತಿರುಗಿದ. ಆಂಬುಲೆನ್ಸಿನ ಬಾಗಿಲಲ್ಲಿ ಒಂದು ಕಾಲು ಇಟ್ಟಿದ್ದ ಕುಮುದಿನಿ ಅವನನ್ನು ಕರೆದಳು.

"ಆರಿಸ್ಬೇಡಿ ಮೊಯ್ದಿನಣ್ಣ. ಇರುವಷ್ಟು ಹೊತ್ತು ಓಡ್ಲಿ. ನೀವು ಅದರ ಹತ್ತಿರ ಇರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಬರುವಾಗ ಉಪ್ಪು ತನ್ನಿ ಎಂದಂತಿತ್ತು. ಬಾಗಿಲು ಮುಚ್ಚಿತು. ಆಂಬುಲೆನ್ಸು, ಅದರ ಹಿಂದೆ ಎರಡು ಜೀಪು, ಪುತ್ತೂರಿನ ರಸ್ತೆಗೆ ಇಳಿದವು.

ಸೀತು ಜಗಲಿಗೆ ನೀರು ಹಾಕಿ ಗುಡಿಸಿದಳು. ವ್ಯಾನಿನ ಸದ್ದಿಗೆ ಮುಖ ಸಿಂಡರಿಸಿ, ಇವರಿಗೆಲ್ಲ ಮರುಳು ಎಂದು ಗೊಣಗಿ, ಬೇಲಿ ದಾಟಿ ತನ್ನ ಮನೆಗೆ ಹೋದಳು. ಅಂಗಳದಲ್ಲಿ ಮೊಯ್ದಿನಬ್ಬ ಒಬ್ಬನೇ ಉಳಿದ.

ಅವನು ವ್ಯಾನಿನ ಒಳಗೆ ಹತ್ತಿದ. ಮಂಚದ ಕೆಳಗೆ ಹಗ್ಗ ಬಿಗಿದ ಪೆಟ್ಟಿಗೆಯಲ್ಲಿ ಎರಡು ತಟ್ಟೆ, ಎರಡು ಲೋಟ ಒಂದಕ್ಕೊಂದು ತಾಗಿ ಸಣ್ಣಗೆ ಗಿಲಗಿಲ ಅನ್ನುತ್ತಿದ್ದವು. ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಹೊಸತು. ಫ್ಯಾನು ಖಾಲಿ ಚಾಪೆಗೆ ಗಾಳಿ ಬೀಸುತ್ತಿತ್ತು. ಅವನು ಮುಂದೆ ಹೋಗಿ ಡ್ರೈವ‌ರ್ ಸೀಟಿನಲ್ಲಿ ಕೂತ. ಸ್ಟೇರಿಂಗು ಮುಟ್ಟಲಿಲ್ಲ, ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡ. ಇನ್ನೆಷ್ಟು ಹೊತ್ತು ಓಡಬಹುದೆಂದು ಬಗ್ಗಿ ಡೀಸೆಲಿನ ಮೀಟರು ನೋಡಿದ.

ಮುಳ್ಳು ಬಲತುದಿಗೆ ಒರಗಿ ನಿಂತಿತ್ತು. ಟ್ಯಾಂಕು ತುಂಬಿತ್ತು.